ಓದಿ ಮುಗಿಸಿದ ಪುಸ್ತಕ ಅಪರಿಚಿತರ ಕೈಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಓದಿ ಮುಗಿಸಿದ ಪುಸ್ತಕ ಕಪಾಟಿನಲ್ಲಿ ಸುಮ್ನೆ ಕೂತಿರುತ್ತದೆ. ಮತ್ತೆ ಓದುವುದಿಲ್ಲ ಅಂತ ನಿಮಗೂ ಗೊತ್ತು. ರದ್ದಿಗೆ ಹಾಕಲು ಮನಸ್ಸು ಬರುವುದಿಲ್ಲ. ಇಂಥ ಪುಸ್ತಕಗಳನ್ನು ಗುರುತು ಪರಿಚಯ ಇಲ್ಲದವರಿಗೆ ದಾಟಿಸುವ ಬಗ್ಗೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಕೆಲವಕ್ಕೆ ಎರಡು ಸಾಲಿನ ಉತ್ತರ ಸಾಕು. ಕೆಲವಕ್ಕೆ ಸ್ವಲ್ಪ ಕೂತು ಮಾತಾಡಬೇಕು.

ಗೆಳೆಯರು, ನೆಂಟರು ಇರುವಾಗ ಅಪರಿಚಿತರಿಗೆ ಯಾಕೆ ಕೊಡಬೇಕು?

ಗೆಳೆಯರಿಗೆ ಮೊದಲು ಕೊಡಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಬಳಗ ಎಷ್ಟು ದೊಡ್ಡದಿದ್ದರೂ ಅದಕ್ಕೊಂದು ಮಿತಿ ಇದೆ. ನಿಮ್ಮ ಹತ್ತಿರ ಜೇನು ಸಾಕಣೆಯ ಬಗ್ಗೆ ಒಂದು ಒಳ್ಳೆಯ ಪುಸ್ತಕ ಇದೆ ಅಂದುಕೊಳ್ಳಿ. ನಿಮ್ಮ ಗೆಳೆಯರಲ್ಲಿ ಒಬ್ಬರಿಗೂ ಅದು ಬೇಡದಿರಬಹುದು. ಅದೇ ಊರಿನ ಇನ್ನೊಂದು ಮೂಲೆಯಲ್ಲಿ ಯಾರೋ ಅದನ್ನೇ ಹುಡುಕುತ್ತಿರಬಹುದು. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಎರಡು ಇದನ್ನೇ ಹೇಳುತ್ತವೆ. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು. ಅವರು ಹೇಳಿದ್ದು ಗ್ರಂಥಾಲಯಗಳ ಬಗ್ಗೆ. ಮನೆಯ ಕಪಾಟಿಗೂ ಅದು ಅಷ್ಟೇ ಹೊಂದುತ್ತದೆ.

ಇನ್ನೊಂದು ವಿಷಯ ಇದೆ. ಗೆಳೆಯರು ಕೊಟ್ಟ ಪುಸ್ತಕದ ಹಿಂದೆಯೇ 'ಓದಿದ್ಯಾ? ಹೇಗಿತ್ತು?' ಅನ್ನುವ ಪ್ರಶ್ನೆ ಬರುತ್ತದೆ. ಓದದಿದ್ದರೆ ಮುಜುಗರ. ಅಪರಿಚಿತರಿಂದ ಬಂದ ಪುಸ್ತಕಕ್ಕೆ ಆ ಹಂಗಿಲ್ಲ. ಹತ್ತು ಪುಟ ಓದಿ ಹಿಡಿಸದಿದ್ದರೆ ಮುಂದಿನವರಿಗೆ ದಾಟಿಸಬಹುದು. ಈ ಸ್ವಾತಂತ್ರ್ಯ ನನಗೆ ತುಂಬ ಇಷ್ಟ. ಸಾಮಾನ್ಯವಾಗಿ ನಾವು ಮುಟ್ಟದ ಲೇಖಕರನ್ನು, ಮುಟ್ಟದ ವಿಷಯಗಳನ್ನು ಓದುವುದು ಹೀಗೆ ಸಿಕ್ಕ ಪುಸ್ತಕಗಳಿಂದಲೇ.

ಎರವಲು ಕೊಡುವುದಕ್ಕೂ ದಾಟಿಸುವುದಕ್ಕೂ ಏನು ವ್ಯತ್ಯಾಸ?

ಎರವಲು ಕೊಟ್ಟ ಪುಸ್ತಕ ವಾಪಸ್ ಬರಬೇಕು. ದಾಟಿಸಿದ ಪುಸ್ತಕ ಬರಬೇಕಾಗಿಲ್ಲ. ಕೊಡುವ ಮೊದಲೇ ಇದನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ. 'ವಾಪಸ್ ಬಂದರೆ ಚೆನ್ನಾಗಿತ್ತು' ಅಂತ ಒಳಗೆಲ್ಲೋ ಅನ್ನಿಸುತ್ತಿದ್ದರೆ ಆ ಪುಸ್ತಕವನ್ನು ಈಗಲೇ ಕೊಡಬೇಡಿ. ನಿಮ್ಮ ಬಳಿಯೇ ಇರಲಿ. ಕೆಲವು ಪುಸ್ತಕಗಳು ನಮ್ಮ ಜೊತೆಗೇ ಇರಬೇಕು, ಅದರಲ್ಲಿ ಸ್ವಾರ್ಥ ಏನೂ ಇಲ್ಲ.

ಆರಿಸುವಾಗ ಎಷ್ಟು ಬೇಕಾದರೂ ಯೋಚಿಸಿ. ಕೊಟ್ಟ ಮೇಲೆ ಪೂರ್ತಿ ಬಿಟ್ಟುಬಿಡಿ. ಈ ಪುಟದ ಬೇರೆ ಉತ್ತರಗಳೆಲ್ಲ ಇದರಿಂದಲೇ ಹುಟ್ಟಿದವು.

ಅಪರಿಚಿತರ ನಡುವೆ ಪುಸ್ತಕ ಹಂಚುವುದು ಯಾವಾಗ ಶುರುವಾಯಿತು?

ಪುಸ್ತಕ ಕೈಯಿಂದ ಕೈಗೆ ಹೋಗುವುದು ಪುಸ್ತಕದಷ್ಟೇ ಹಳೆಯದು. ಆದರೆ ಒಬ್ಬರನ್ನೊಬ್ಬರು ನೋಡದೇ ಇರುವವರು ಒಂದು ವ್ಯವಸ್ಥೆ ಮಾಡಿಕೊಂಡು ಹಂಚಿಕೊಳ್ಳುವುದು ಈಚಿನ ಬೆಳವಣಿಗೆ. 1991ರಲ್ಲಿ ಆಸ್ಟ್ರಿಯಾದ ಗ್ರಾಟ್ಸ್ ನಗರದಲ್ಲಿ ಕ್ಲೆಗ್ ಮತ್ತು ಗುಟ್‌ಮನ್ ಎಂಬ ಕಲಾವಿದರ ಜೋಡಿ ಬಯಲಿನಲ್ಲಿ ಪುಸ್ತಕದ ಕಪಾಟು ಇಟ್ಟಿತು. ಕಾವಲುಗಾರರಿಲ್ಲ, ನೋಂದಣಿ ಇಲ್ಲ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಯಾರು ಬೇಕಾದರೂ ಇಡಬಹುದು. ಅವರು ಅದನ್ನು ಒಂದು ಕಲಾಕೃತಿಯಾಗಿ ಮಾಡಿದ್ದರು. ಇವತ್ತು ಜರ್ಮನಿಯಲ್ಲಿ ಅಂಥ ಸಾರ್ವಜನಿಕ ಕಪಾಟುಗಳು ಸಾವಿರಾರು ಇವೆ.

2001ರಲ್ಲಿ ಅಮೆರಿಕದ ರಾನ್ ಹಾರ್ನ್‌ಬೇಕರ್ 'ಬುಕ್‌ಕ್ರಾಸಿಂಗ್' ಶುರು ಮಾಡಿದರು. ಪುಸ್ತಕಕ್ಕೆ ಒಂದು ಗುರುತಿನ ಸಂಖ್ಯೆ ಪಡೆದು, ಒಳಗೆ ಬರೆದು, ಎಲ್ಲಾದರೂ ಬಿಟ್ಟು ಬರುವುದು. ಸಿಕ್ಕವರು ಆ ಸಂಖ್ಯೆಯನ್ನು ಜಾಲತಾಣದಲ್ಲಿ ಹಾಕಿದರೆ ಪುಸ್ತಕ ಎಲ್ಲೆಲ್ಲಿ ಓಡಾಡಿತು ಅಂತ ಗೊತ್ತಾಗುತ್ತದೆ. ಮೂರೇ ವರ್ಷದಲ್ಲಿ, ಅಂದರೆ 2004ರಲ್ಲಿ, ಆ ಪದ ಆಕ್ಸ್‌ಫರ್ಡ್‌ನ ಸಂಕ್ಷಿಪ್ತ ನಿಘಂಟು ಸೇರಿತು.

2009ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಹಡ್ಸನ್ ಎಂಬ ಊರಿನಲ್ಲಿ ಟಾಡ್ ಬೋಲ್ ತಮ್ಮ ಮನೆಯ ಮುಂದೆ ಒಂದು ಪುಟ್ಟ ಮರದ ಪೆಟ್ಟಿಗೆ ನಿಲ್ಲಿಸಿದರು. ಅವರ ತಾಯಿ ಶಿಕ್ಷಕಿ. ತಾಯಿಯ ನೆನಪಿಗೆ ಪೆಟ್ಟಿಗೆಯನ್ನು ಒಂದೇ ಕೋಣೆಯ ಶಾಲೆಯ ಆಕಾರದಲ್ಲಿ ಮಾಡಿ, ಒಳಗೆ ಪುಸ್ತಕ ತುಂಬಿದ್ದರು. 'ಲಿಟಲ್ ಫ್ರೀ ಲೈಬ್ರರಿ' ಹುಟ್ಟಿದ್ದು ಹೀಗೆ. ಉದ್ಯಮಿ ಆಂಡ್ರ್ಯೂ ಕಾರ್ನೆಗಿ ತಮ್ಮ ಹಣದಿಂದ 2,509 ಗ್ರಂಥಾಲಯ ಕಟ್ಟಿಸಿದ್ದರು. ಅದಕ್ಕಿಂತ ಒಂದು ಜಾಸ್ತಿ ಆಗಬೇಕು ಅನ್ನುವುದು ಇವರ ಮೊದಲ ಗುರಿ. 2012ರಲ್ಲೇ ಆ ಗುರಿ ದಾಟಿತು. 2020ರಲ್ಲಿ ಇಂಥ ಪೆಟ್ಟಿಗೆಗಳ ಸಂಖ್ಯೆ ಒಂದು ಲಕ್ಷ ಮುಟ್ಟಿತು. ಬ್ರಿಟನ್ನಿನ ಎಷ್ಟೋ ಹಳ್ಳಿಗಳಲ್ಲಿ ಜನ ಬಳಸುವುದು ಬಿಟ್ಟ ಕೆಂಪು ಟೆಲಿಫೋನ್ ಗೂಡುಗಳೇ ಈಗ ಪುಸ್ತಕದ ಗೂಡುಗಳಾಗಿವೆ.

ಎಂಥ ಪುಸ್ತಕ ಕೊಡಬೇಕು? ಎಂಥದ್ದು ಬೇಡ?

ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಪುಸ್ತಕವನ್ನು ಒಬ್ಬರ ಮುಖ ನೋಡಿ, ಕೈಗೆ ಕೊಡಲು ನನಗೆ ಸಂಕೋಚ ಆಗುತ್ತದಾ? ಆಗುತ್ತದೆ ಅಂದರೆ ಪೆಟ್ಟಿಗೆಯಲ್ಲೂ ಇಡಬೇಡಿ. ಮುಖ ಕಾಣುವುದಿಲ್ಲ ಅನ್ನುವ ಧೈರ್ಯದಲ್ಲಿ ಜನ ಹರಿದ, ಒದ್ದೆಯಾಗಿ ಉಬ್ಬಿದ, ಅರ್ಧ ಪುಟ ಇಲ್ಲದ ಪುಸ್ತಕಗಳನ್ನು ತಂದು ಸುರಿಯುತ್ತಾರೆ. ಅದು ಹಂಚುವುದಲ್ಲ. ನಮ್ಮ ಕಸ ಎಸೆಯುವ ಕೆಲಸವನ್ನು ಬೇರೆಯವರ ತಲೆಗೆ ಕಟ್ಟುವುದು ಅಷ್ಟೇ.

ಕಥೆ, ಕಾದಂಬರಿ, ಕವಿತೆ, ಜೀವನಚರಿತ್ರೆ, ಪ್ರವಾಸ ಕಥನ, ಮಕ್ಕಳ ಪುಸ್ತಕ, ನಿಘಂಟು, ಹೊಲಿಗೆ ಅಥವಾ ತೋಟಗಾರಿಕೆಯ ಕೈಪಿಡಿ, ಇವೆಲ್ಲ ಚೆನ್ನಾಗಿ ಓಡಾಡುತ್ತವೆ. ಹಳೆಯದಾಯಿತು ಅಂತ ಇವುಗಳ ಬೆಲೆ ಕಡಿಮೆಯಾಗುವುದಿಲ್ಲ.

ಎಚ್ಚರ ಬೇಕಾಗುವುದು ಮಾಹಿತಿ ಹಳಸುವ ಪುಸ್ತಕಗಳಲ್ಲಿ. ಔಷಧಿ ಪ್ರಮಾಣ ಹೇಳುವ ಹಳೆಯ ವೈದ್ಯಕೀಯ ಪುಸ್ತಕ, ತಿದ್ದುಪಡಿ ಆಗುವ ಮೊದಲಿನ ಕಾನೂನು ಪುಸ್ತಕ, ಹಳೆಯ ತೆರಿಗೆ ಕೈಪಿಡಿ, ಪಠ್ಯಕ್ರಮ ಬದಲಾದ ಪರೀಕ್ಷಾ ಗೈಡು. ಇಂಥವು ತಪ್ಪು ಕೈಗೆ ಸಿಕ್ಕರೆ ಹಾನಿ ಮಾಡಬಹುದು. ಓದುವವರು ಮುದ್ರಣದ ವರ್ಷ ನೋಡುತ್ತಾರೆ ಅಂತ ನಂಬಬೇಡಿ. ಪಠ್ಯಪುಸ್ತಕ ಆದರೆ ಈ ವರ್ಷವೂ ಅದೇ ಆವೃತ್ತಿ ನಡೆಯುತ್ತಿದೆಯಾ ಅಂತ ನೋಡಿ, ನಡೆಯುತ್ತಿದ್ದರೆ ತಡಮಾಡದೆ ಕೊಡಿ. ಅದರ ಆಯಸ್ಸು ಚಿಕ್ಕದು, ಬೇಕಾದವರ ಸಾಲು ದೊಡ್ಡದು.

ಸರಣಿಯ ಪುಸ್ತಕಗಳನ್ನು ಬಿಡಿ ಬಿಡಿಯಾಗಿ ಕೊಡಬೇಡಿ. ಮೂರು ಸಂಪುಟ ಇದ್ದರೆ ಒಂದು ದಾರ ಕಟ್ಟಿ ಒಟ್ಟಿಗೆ ಇಡಿ.

ಅಡಿಗೆರೆ ಎಳೆದ, ಅಂಚಿನಲ್ಲಿ ಬರೆದ ಪುಸ್ತಕ ಕೊಡಬಹುದಾ?

ಕೊಡಬಹುದು. ಪೆನ್ಸಿಲ್ ಗುರುತಾದರೆ ತೊಂದರೆಯೇ ಇಲ್ಲ, ಬೇಡವೆಂದವರು ಅಳಿಸಿಕೊಳ್ಳುತ್ತಾರೆ. ಪುಟದ ತುಂಬ ಹಳದಿ, ಗುಲಾಬಿ ಬಣ್ಣ ಬಳಿದಿದ್ದರೆ ಓದುವವರಿಗೆ ಕಿರಿಕಿರಿ. ಅಂಥದ್ದನ್ನು ಮೊದಲೇ ತಿಳಿಸಿ ಕೊಡಿ.

ಅಂಚಿನ ಟಿಪ್ಪಣಿಗಳ ಪರ ನಾನು ಸ್ವಲ್ಪ ವಾಲುತ್ತೇನೆ. ಇಂಗ್ಲಿಷ್ ಕವಿ ಕೋಲ್‌ರಿಜ್ ಗೆಳೆಯರಿಂದ ತಂದ ಪುಸ್ತಕಗಳ ಅಂಚುಗಳಲ್ಲಿ ಧಾರಾಳವಾಗಿ ಬರೆಯುತ್ತಿದ್ದರು. ಅವರ ಗೆಳೆಯ, ಪ್ರಬಂಧಕಾರ ಚಾರ್ಲ್ಸ್ ಲ್ಯಾಂಬ್ 1820ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಕೋಲ್‌ರಿಜ್‌ಗೆ ಕೊಟ್ಟ ಪುಸ್ತಕ ಹೆಚ್ಚಿನ ಬೆಲೆ ಪಡೆದು ಮರಳುತ್ತದೆ ಅನ್ನುವುದು ಅವರ ಮಾತು. ನಾವೆಲ್ಲ ಕೋಲ್‌ರಿಜ್ ಅಲ್ಲ ನಿಜ. ಆದರೂ 'ಇಲ್ಲಿ ಒಪ್ಪುವುದಿಲ್ಲ' ಅಂತ ಯಾರೋ ಒಬ್ಬರು ಸಣ್ಣ ಅಕ್ಷರದಲ್ಲಿ ಬರೆದ ಪುಟ ನೋಡಿದಾಗ, ಒಬ್ಬಳೇ ಓದುತ್ತಿಲ್ಲ ಅನ್ನಿಸುತ್ತದೆ.

ಉಡುಗೊರೆಯಾಗಿ ಬಂದ ಪುಸ್ತಕ. ಮೊದಲ ಪುಟದಲ್ಲಿ 'ಪ್ರೀತಿಯಿಂದ' ಅಂತ ಬರೆದಿದ್ದಾರೆ. ಕೊಡಬಹುದಾ?

ಕೊಟ್ಟವರು ಬದುಕಿದ್ದು, ನಿಮ್ಮ ಊರಲ್ಲೇ ಇದ್ದರೆ ಸ್ವಲ್ಪ ಯೋಚಿಸಿ. ತಾನು ಆರಿಸಿ, ಹೆಸರು ಬರೆದು ಕೊಟ್ಟ ಪುಸ್ತಕ ರಸ್ತೆ ಬದಿಯ ಪೆಟ್ಟಿಗೆಯಲ್ಲಿ ಕಂಡರೆ ಯಾರಿಗಾದರೂ ನೋವಾಗುತ್ತದೆ. ಅಂಥ ಪುಸ್ತಕವನ್ನು ಅಂಚೆಯಲ್ಲಿ ದೂರದವರಿಗೆ ಕಳಿಸುವುದು ಒಳ್ಳೆಯದು. ಬರೆದ ಪುಟವನ್ನು ಹರಿದು ತೆಗೆಯಬೇಡಿ. ಪುಟ ಹರಿದರೆ ಅದಕ್ಕೆ ಅಂಟಿಕೊಂಡ ಇನ್ನೊಂದು ಹಾಳೆಯೂ ಸಡಿಲವಾಗುತ್ತದೆ. ಪೂರ್ತಿ ಹೆಸರು, ವಿಳಾಸ ಇದ್ದರೆ ಅಷ್ಟರ ಮೇಲೆ ಒಂದು ಚೀಟಿ ಅಂಟಿಸಿದರೆ ಸಾಕು. 'ನಿನ್ನ ಹದಿನೆಂಟನೇ ಹುಟ್ಟುಹಬ್ಬಕ್ಕೆ, ಅಜ್ಜ' ಅನ್ನುವ ಸಾಲು ಹಾಗೇ ಇರಲಿ. ಮುಂದೆ ಓದುವವರಿಗೆ ಅದೂ ಸೇರಿಯೇ ಪುಸ್ತಕ.

ಕೊಡುವ ಮೊದಲು ಏನೇನು ನೋಡಬೇಕು?

ಪುಟಗಳನ್ನು ಬೀಸಣಿಗೆಯ ಹಾಗೆ ಬಿಡಿಸಿ, ತಲೆಕೆಳಗೆ ಹಿಡಿದು ಅಲ್ಲಾಡಿಸಿ. ಪುಟದ ಗುರುತಿಗೆ ಅಂತ ಇಟ್ಟು ಮರೆತ ಬ್ಯಾಂಕ್ ಚೀಟಿ, ವೈದ್ಯರ ಚೀಟಿ, ಪತ್ರ, ಫೋಟೊ, ನೋಟು, ಎಲ್ಲ ಬೀಳುತ್ತವೆ. ನಿಮ್ಮ ಫೋನ್ ನಂಬರ್, ಮನೆ ವಿಳಾಸ ಎಲ್ಲೂ ಉಳಿಯದಂತೆ ನೋಡಿಕೊಳ್ಳಿ.

ಆಮೇಲೆ ಗ್ರಂಥಾಲಯದ ಮುದ್ರೆ ಇದೆಯಾ ನೋಡಿ. ಇದ್ದರೆ, 'ವಜಾ ಮಾಡಲಾಗಿದೆ' ಅನ್ನುವ ಅರ್ಥದ ಇನ್ನೊಂದು ಮುದ್ರೆಯೂ ಇರಬೇಕು. ಇಲ್ಲದಿದ್ದರೆ ಅದು ಇನ್ನೂ ಗ್ರಂಥಾಲಯದ ಸ್ವತ್ತು. ಎಷ್ಟೇ ವರ್ಷ ಆಗಿರಲಿ, ಅಲ್ಲಿಗೇ ಮುಟ್ಟಿಸಿ.

ಪುಸ್ತಕ ಮುಗ್ಗಲು ವಾಸನೆ ಬರುತ್ತಿದೆ. ಹುಳ ಇರಬಹುದು ಅನ್ನಿಸುತ್ತದೆ. ಏನು ಮಾಡಲಿ?

ಹಳೆಯ ಪುಸ್ತಕದ ವಾಸನೆ ಎರಡು ಥರ. ಒಂದು, ಸ್ವಲ್ಪ ಸಿಹಿಯಾದ ವಾಸನೆ. ಕಾಗದದಲ್ಲಿರುವ ಲಿಗ್ನಿನ್ (ಮರದ ನಾರನ್ನು ಗಟ್ಟಿಯಾಗಿ ಹಿಡಿದಿಡುವ ವಸ್ತು) ಮುಂತಾದವು ವರ್ಷಗಳು ಕಳೆದಂತೆ ಒಡೆದು ಆವಿಯಾಗುವುದರಿಂದ ಅದು ಬರುತ್ತದೆ. ಅದರಿಂದ ಯಾರಿಗೂ ತೊಂದರೆ ಇಲ್ಲ, ತುಂಬ ಜನಕ್ಕೆ ಅದೇ ಇಷ್ಟ. ಇನ್ನೊಂದು, ನೆಲಮಾಳಿಗೆಯ ಮುಗ್ಗಲು ವಾಸನೆ. ಅದು ಬಂದರೆ ಬೂಷ್ಟು ಹುಡುಕಿ.

ಗಾಳಿಯಲ್ಲಿ ತೇವಾಂಶ ಶೇ 65 ದಾಟಿ ಹಾಗೇ ನಿಂತರೆ ಕಾಗದದ ಮೇಲೆ ಬೂಷ್ಟು ಬೆಳೆಯುವುದು ಸುಲಭ. ಒಣಗಿದ ಪುಡಿಯಂಥ ಕಲೆ ಇದ್ದರೆ ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ಮೆತ್ತನೆಯ ಬ್ರಷ್‌ನಿಂದ ಒರೆಸಬಹುದು. ನೂಲಿನಂತೆ ಬೆಳೆದು, ಮುಟ್ಟಿದರೆ ಮೆತ್ತಿಕೊಳ್ಳುತ್ತಿದ್ದರೆ ಅದು ಜೀವಂತ ಬೂಷ್ಟು. ಆ ಪುಸ್ತಕ ದಾಟಿಸಬೇಡಿ. ಒಂದು ಪೆಟ್ಟಿಗೆಯಲ್ಲಿ ಅಂಥ ಒಂದು ಪುಸ್ತಕ ಇದ್ದರೆ ಉಳಿದವಕ್ಕೂ ಹರಡುತ್ತದೆ. ಆಸ್ತಮಾ ಇರುವವರ ಕೈಗೆ ಸಿಕ್ಕರಂತೂ ಕಷ್ಟ.

ಬರೀ ವಾಸನೆ ಇದ್ದು ಬೂಷ್ಟು ಇಲ್ಲದಿದ್ದರೆ ನೆರಳಿನಲ್ಲಿ, ಗಾಳಿ ಆಡುವ ಕಡೆ ಪುಸ್ತಕವನ್ನು ಬಿಡಿಸಿ ನಿಲ್ಲಿಸಿ. ನೇರ ಬಿಸಿಲಿಗೆ ಇಡಬೇಡಿ, ಮುಖಪುಟದ ಬಣ್ಣ ಹೋಗುತ್ತದೆ, ಕಾಗದ ಇನ್ನಷ್ಟು ಹಳದಿಯಾಗುತ್ತದೆ. ಮುಚ್ಚಿದ ಡಬ್ಬದಲ್ಲಿ ಒಂದು ಬಟ್ಟಲು ಅಡುಗೆ ಸೋಡಾ ಇಟ್ಟು, ಅದು ತಾಗದಂತೆ ಪುಸ್ತಕ ಇಟ್ಟು ಕೆಲವು ದಿನ ಬಿಟ್ಟರೂ ವಾಸನೆ ಇಳಿಯುತ್ತದೆ.

ಸಿಲ್ವರ್‌ಫಿಶ್, ಪುಸ್ತಕ ಕೊರೆಯುವ ಹುಳ, ಬೆನ್ನಿನ ಸಂದಿಯಲ್ಲಿ ಅಡಗುವ ತಿಗಣೆ, ಇವುಗಳಿಗೆ ಫ್ರೀಜರ್ ಒಳ್ಳೆಯ ಮದ್ದು. ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ತೆಗೆದು, ಬಿಗಿಯಾಗಿ ಮುಚ್ಚಿ. ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ. ಬೇಗ ಬಿಚ್ಚಿದರೆ ತಣ್ಣಗಿನ ಕಾಗದದ ಮೇಲೆ ನೀರು ಕಟ್ಟುತ್ತದೆ. ಒಂದು ವಿಷಯ ನೆನಪಿರಲಿ, ಚಳಿಗೆ ಹುಳ ಸಾಯುತ್ತದೆ, ಬೂಷ್ಟು ಸಾಯುವುದಿಲ್ಲ, ಸುಮ್ಮನಾಗುತ್ತದೆ ಅಷ್ಟೇ.

ನೂರು ವರ್ಷ ದಾಟಿದ ಪುಸ್ತಕ ಸಿಕ್ಕಿದೆ. ಅದನ್ನೂ ಹೀಗೇ ದಾಟಿಸಲಾ?

ಬೇಡ. ಅದಕ್ಕೆ ಮೊದಲು ತಿಳಿದವರಿಗೆ, ಗ್ರಂಥಪಾಲಕರಿಗೋ ಹಳೆಯ ಪುಸ್ತಕಗಳ ಸಂಗ್ರಹಕಾರರಿಗೋ ತೋರಿಸಿ. ಹತ್ತೊಂಬತ್ತನೇ ಶತಮಾನದ ನಡುವಿನಿಂದ ಮರದ ತಿರುಳಿನ ಕಾಗದ ಬಂತು. ಅದರಲ್ಲಿ ಆಮ್ಲದ ಅಂಶ ಜಾಸ್ತಿ. ಹಾಗಾಗಿ ಪುಟ ಮಡಚಿದರೆ ಮುರಿಯುವಷ್ಟು ಪೆಡಸಾಗಿರುತ್ತದೆ. ಕೈಯಿಂದ ಕೈಗೆ ಓಡಾಡುವ ಶಕ್ತಿ ಅದಕ್ಕಿಲ್ಲ.

ಇನ್ನೊಂದು ಎಚ್ಚರಿಕೆ. ಹತ್ತೊಂಬತ್ತನೇ ಶತಮಾನದ ಕೆಲವು ಪುಸ್ತಕಗಳ ಕಣ್ಣು ಕೋರೈಸುವ ಹಸಿರು ಬಟ್ಟೆಯ ರಟ್ಟಿನಲ್ಲಿ ಆರ್ಸೆನಿಕ್ ವಿಷ ಇದೆ. ಅಮೆರಿಕದ ವಿಂಟರ್‌ಥರ್ ಮ್ಯೂಸಿಯಂ, ಡೆಲವೇರ್ ವಿಶ್ವವಿದ್ಯಾಲಯದ ಜೊತೆ ಸೇರಿ, 2019ರಿಂದ ಇಂಥ ಪುಸ್ತಕಗಳನ್ನು ಪತ್ತೆ ಹಚ್ಚುತ್ತಿದೆ. ಆ ಕಾಲದ, ಆ ಬಣ್ಣದ ಪುಸ್ತಕ ಸಿಕ್ಕರೆ ಕೈಗವಸು ಹಾಕಿ, ಚೀಲದಲ್ಲಿ ಮುಚ್ಚಿಡಿ. ಮಕ್ಕಳ ಕೈಗಂತೂ ಕೊಡಲೇಬೇಡಿ.

ಪುಸ್ತಕ ಎಲ್ಲಿ ಬಿಟ್ಟು ಬರಬೇಕು?

ಜನ ಕಾಯುವ ಜಾಗ ನೋಡಿ. ಕಾಯುವವರಿಗೆ ಓದಲು ಸಮಯ ಇರುತ್ತದೆ. ರೈಲು ನಿಲ್ದಾಣದ ಬೆಂಚು, ಆಸ್ಪತ್ರೆಯ ಕಾಯುವ ಕೋಣೆ, ಬಟ್ಟೆ ಒಗೆಸುವ ಅಂಗಡಿ, ಹಾಸ್ಟೆಲ್‌ನ ಹಜಾರ. ಒಳಾಂಗಣವಾದರೆ ಅಲ್ಲಿ ನೋಡಿಕೊಳ್ಳುವವರನ್ನು ಒಂದು ಮಾತು ಕೇಳಿ. ಇಲ್ಲದಿದ್ದರೆ ಸಂಜೆ ಗುಡಿಸುವವರು ತೆಗೆದು ಎಸೆಯುತ್ತಾರೆ, ಅವರ ತಪ್ಪೂ ಅಲ್ಲ.

ವಿಮಾನ ನಿಲ್ದಾಣದಲ್ಲಿ ಚೀಲ, ಪೊಟ್ಟಣ ಮಾಡಿ ಎಲ್ಲೂ ಬಿಡಬೇಡಿ. ವಾರಸುದಾರರಿಲ್ಲದ ಪೊಟ್ಟಣ ಅಂದರೆ ಅಲ್ಲಿ ಭದ್ರತೆಯವರು ಓಡಿ ಬರುತ್ತಾರೆ. ಬಯಲಿನಲ್ಲಿ ಇಡುವುದಾದರೆ ಪಾರದರ್ಶಕ ಜಿಪ್ ಚೀಲದಲ್ಲಿ ಹಾಕಿ. ಮುಖಪುಟ ಕಾಣಲಿ.

ಒಳಗೆ ಏನು ಬರೆದಿಡಬೇಕು?

ಚೀಟಿ ಇಲ್ಲದ ಪುಸ್ತಕವನ್ನು ಯಾರೂ ಮುಟ್ಟುವುದಿಲ್ಲ. ಯಾರೋ ಮರೆತು ಹೋಗಿದ್ದಾರೆ ಅಂದುಕೊಳ್ಳುತ್ತಾರೆ. ಒಳ್ಳೆಯವರೇ ಹಾಗೆ ಅಂದುಕೊಳ್ಳುವುದು. ಅದಕ್ಕೇ ಮುಖಪುಟದ ಮೇಲೆಯೇ, ದೊಡ್ಡ ಅಕ್ಷರದಲ್ಲಿ ಒಂದು ಚೀಟಿ ಇರಬೇಕು: 'ಈ ಪುಸ್ತಕ ಕಳೆದುಹೋಗಿಲ್ಲ. ನಿಮಗಾಗಿಯೇ ಇಟ್ಟದ್ದು. ತೆಗೆದುಕೊಳ್ಳಿ, ಓದಿ, ಆಮೇಲೆ ಇನ್ನೊಬ್ಬರಿಗೆ ದಾಟಿಸಿ.'

ಒಳಗೆ ಎರಡು ಸಾಲು ನಿಮ್ಮ ಮಾತು ಇರಲಿ. ವಿಮರ್ಶೆ ಬೇಕಾಗಿಲ್ಲ. 'ಮೊದಲ ಐವತ್ತು ಪುಟ ನಿಧಾನ, ಆಮೇಲೆ ಕೆಳಗಿಡಲು ಆಗುವುದಿಲ್ಲ' ಅಂತ ಬರೆದರೆ ಓದುವವರಿಗೆ ನಿಜವಾದ ಸಹಾಯ. ಕೊನೆಯ ರಟ್ಟಿನ ಒಳಗೆ ಖಾಲಿ ಕೋಷ್ಟಕ ಅಂಟಿಸಿ, ಓದಿದವರು ತಿಂಗಳು, ಊರಿನ ಹೆಸರು ಬರೆಯಲಿ. ವ್ಯಕ್ತಿಯ ಹೆಸರು ಬೇಡ. ನಾಲ್ಕು ಊರು ಸುತ್ತಿದ ಪುಸ್ತಕ ಕೈಗೆ ಬಂದಾಗ ಆಗುವ ಸಂತೋಷವೇ ಬೇರೆ.

ನಮ್ಮ ಬೀದಿಯಲ್ಲಿ ಪುಸ್ತಕದ ಪೆಟ್ಟಿಗೆ ಇಡಬೇಕು. ಹೇಗೆ?

ಮೊದಲು ಜಾಗದ ಅನುಮತಿ. ನಿಮ್ಮ ಸ್ವಂತ ಜಾಗವಾದರೆ ಸುಲಭ, ರಸ್ತೆಯ ಜಾಗವಾದರೆ ಸ್ಥಳೀಯ ಆಡಳಿತವನ್ನು ಕೇಳಬೇಕು. ಪೆಟ್ಟಿಗೆಯ ಮಾಡು ಇಳಿಜಾರಾಗಿರಲಿ, ಮುಂದಕ್ಕೆ ಚಾಚಿರಲಿ. ನೀರು ಬಾಗಿಲಿನ ಸಂದಿಯಿಂದಲೇ ನುಗ್ಗುವುದು ಜಾಸ್ತಿ. ತಳ ನೆಲದಿಂದ ಎತ್ತರದಲ್ಲಿರಲಿ, ಗೆದ್ದಲು, ಕೆಸರು ಎರಡೂ ತಪ್ಪುತ್ತವೆ. ಕೆಳಗಿನ ಖಾನೆ ಮಕ್ಕಳ ಕೈಗೆ ಎಟುಕಬೇಕು. ಬಾಗಿಲಿಗೆ ಗಾಜಿನ ಬದಲು ಪಾರದರ್ಶಕ ಅಕ್ರಿಲಿಕ್ ಹಾಕಿ. ಗಾಳಿಯಾಡಲು ಎರಡು ಸಣ್ಣ ತೂತು, ಅದಕ್ಕೆ ಸೊಳ್ಳೆ ಪರದೆಯ ತುಂಡು.

ಇವೆಲ್ಲಕ್ಕಿಂತ ಮುಖ್ಯ, ವಾರಕ್ಕೊಮ್ಮೆ ನೋಡುವ ಒಬ್ಬರು ಬೇಕು. ಪೆಟ್ಟಿಗೆ ಮಾಡುವ ಉತ್ಸಾಹ ಎಲ್ಲರಿಗೂ ಇರುತ್ತದೆ. ಆರು ತಿಂಗಳಾದ ಮೇಲೆ ಒದ್ದೆ ಪುಸ್ತಕ ತೆಗೆದು, ಧೂಳು ಒರೆಸುವವರು ಯಾರು ಅಂತ ಮೊದಲೇ ತೀರ್ಮಾನಿಸಿ. ಆ ಹೆಸರು ಸಿಗುವವರೆಗೆ ಮೊಳೆ ಹೊಡೆಯಬೇಡಿ.

ಪೆಟ್ಟಿಗೆಯಿಂದ ಯಾರೋ ಎಲ್ಲ ಪುಸ್ತಕ ಒಟ್ಟಿಗೆ ಹೊತ್ತುಕೊಂಡು ಹೋಗುತ್ತಿದ್ದಾರೆ. ಮಾರುತ್ತಾರಂತೆ. ಏನು ಮಾಡುವುದು?

ಬೇಸರ ಆಗುತ್ತದೆ, ನಿಜ. ಆದರೆ ಮೊದಲು ಖಚಿತ ಮಾಡಿಕೊಳ್ಳಿ. ಒಬ್ಬ ಶಿಕ್ಷಕಿ ತನ್ನ ತರಗತಿಗೆ ಒಯ್ದಿರಬಹುದು. ಆಸ್ಪತ್ರೆಯಲ್ಲಿ ಇರುವವರಿಗೆ ಯಾರೋ ಒಯ್ದಿರಬಹುದು.

ಮಾರುತ್ತಿರುವುದು ಖಚಿತವಾದರೆ ಕೆಲವು ಉಪಾಯಗಳಿವೆ. ಪುಸ್ತಕದ ಬದಿಯಲ್ಲಿ, ಅಂದರೆ ಪುಟಗಳ ಅಂಚು ಸೇರುವ ಕಡೆ, 'ಉಚಿತ, ಮಾರಾಟಕ್ಕಲ್ಲ' ಅಂತ ರಬ್ಬರ್ ಮುದ್ರೆ ಒತ್ತಿ. ಅದನ್ನು ಅಳಿಸುವುದು ಕಷ್ಟ, ಮಾರುವವರಿಗೆ ಆಸಕ್ತಿ ಹೋಗುತ್ತದೆ. ಒಂದೇ ಸಲಕ್ಕೆ ತುಂಬಿಸಬೇಡಿ, ದಿನಕ್ಕೆ ನಾಲ್ಕೈದು ಇಡಿ. 'ಒಬ್ಬರಿಗೆ ಎರಡು' ಅಂತ ಮೆತ್ತಗೆ ಒಂದು ಫಲಕ ಹಾಕಿ.

ಬೀಗ ಮತ್ತು ಕ್ಯಾಮೆರಾ ಮಾತ್ರ ನನಗೆ ಒಪ್ಪಿಗೆಯಿಲ್ಲ. ಕ್ಯಾಮೆರಾ ಕಂಡರೆ ಸಂಕೋಚದಿಂದ ದೂರ ಸರಿಯುವವರು ನಿಜವಾಗಿ ಪುಸ್ತಕ ಬೇಕಾದವರೇ. ಕೊಳ್ಳಲು ಆಗದವರು, ಕೇಳಲು ಹಿಂಜರಿಯುವವರು, ಯಾರೂ ನೋಡದಾಗ ಬಂದು ಒಯ್ಯುವ ಹುಡುಗರು. ಅವರನ್ನು ಕಳೆದುಕೊಳ್ಳುವುದಕ್ಕಿಂತ ಹತ್ತು ಪುಸ್ತಕ ಮಾರಾಟವಾಗಿ ಹೋಗುವುದು ಮೇಲು. ಮಾರಿದ ಪುಸ್ತಕವನ್ನೂ ಯಾರೋ ಓದಲೆಂದೇ ಕೊಳ್ಳುತ್ತಾರೆ ಅಲ್ವಾ?

ಪುಸ್ತಕ ತೆಗೆದುಕೊಂಡರೆ ಬದಲಿಗೆ ಇನ್ನೊಂದು ಇಡಲೇಬೇಕಾ?

ಇಲ್ಲ. ಇಟ್ಟರೆ ಸಂತೋಷ, ಇಡದಿದ್ದರೆ ತಪ್ಪಿಲ್ಲ. ಮನೆಯಲ್ಲಿ ಒಂದೂ ಪುಸ್ತಕ ಇಲ್ಲದ ಮಗು ಬದಲಿಗೆ ಏನು ತರಬೇಕು?

ಆಕ್ಷೇಪಾರ್ಹ ಅನ್ನಿಸುವ ಪುಸ್ತಕ, ಪ್ರಚಾರದ ಕರಪತ್ರ ಇಟ್ಟು ಹೋಗುತ್ತಾರೆ. ತೆಗೆಯಬಹುದಾ?

ಕರಪತ್ರ, ಜಾಹೀರಾತು ಧಾರಾಳವಾಗಿ ತೆಗೆಯಿರಿ. ಒಂದೇ ಸಂಸ್ಥೆಯ ಪ್ರಚಾರ ಪುಸ್ತಕದ ಇಪ್ಪತ್ತು ಪ್ರತಿ ಇದ್ದರೆ ಒಂದು ಬಿಟ್ಟು ಉಳಿದವನ್ನು ತೆಗೆಯಿರಿ. ವಯಸ್ಕರ ಪುಸ್ತಕ ಮಕ್ಕಳ ಖಾನೆಯಲ್ಲಿದ್ದರೆ ಮೇಲಿನ ಖಾನೆಗೆ ಸರಿಸಿ. ಆದರೆ ನಿಮಗೆ ಆ ಲೇಖಕರ ವಿಚಾರ ಒಪ್ಪಿಗೆಯಿಲ್ಲ ಅನ್ನುವ ಒಂದೇ ಕಾರಣಕ್ಕೆ ತೆಗೆಯಬೇಡಿ. ಪೆಟ್ಟಿಗೆ ನೋಡಿಕೊಳ್ಳುವವರ ಅಭಿರುಚಿಯೇ ಪೆಟ್ಟಿಗೆಯ ಗಡಿ ಆದರೆ ಅದು ನಿಮ್ಮ ಸ್ವಂತ ಕಪಾಟಿನ ಮುಂದುವರಿಕೆ ಆಗಿಬಿಡುತ್ತದೆ.

ಆನ್‌ಲೈನ್‌ನಲ್ಲಿ ಪರಿಚಯವಾದವರಿಗೆ ಕೊಡುವಾಗ ಏನು ಎಚ್ಚರಿಕೆ ಬೇಕು?

ಮನೆಗೆ ಕರೆಯಬೇಡಿ, ಅವರ ಮನೆಗೂ ಹೋಗಬೇಡಿ. ಹಗಲಿನಲ್ಲಿ, ಜನ ಓಡಾಡುವ ಕಡೆ ಭೇಟಿಯಾಗಿ. ಗ್ರಂಥಾಲಯದ ಮೆಟ್ಟಿಲು ಇದಕ್ಕೆ ಹೇಳಿ ಮಾಡಿಸಿದ ಜಾಗ. ಮುಂಗಡ ಹಣ, ಒಟಿಪಿ, ಬ್ಯಾಂಕ್ ವಿವರ ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ಉಚಿತ ಪುಸ್ತಕಕ್ಕೆ ಇವು ಯಾವುದೂ ಬೇಕಾಗಿಲ್ಲ.

ಪುಸ್ತಕದ ವಿವರ ಹಾಕುವಾಗ ಐಎಸ್‌ಬಿಎನ್ ಸಂಖ್ಯೆ (ಪುಸ್ತಕದ ಪ್ರತಿ ಆವೃತ್ತಿಗೂ ಇರುವ ಗುರುತಿನ ಸಂಖ್ಯೆ) ಕೊಟ್ಟರೆ ಯಾವ ಆವೃತ್ತಿ ಅಂತ ಗೊಂದಲ ಇರುವುದಿಲ್ಲ. 2007ಕ್ಕಿಂತ ಮೊದಲಿನವು ಹತ್ತು ಅಂಕಿಯವು, ಆಮೇಲಿನವು ಹದಿಮೂರು. 1970ರ ಮುಂಚಿನ ಪುಸ್ತಕಗಳಲ್ಲಿ ಅದು ಇರುವುದೇ ಇಲ್ಲ ಅನ್ನಬಹುದು, ಗಾಬರಿ ಬೇಡ. ಹರಿದದ್ದು, ಕಲೆ, ಸಡಿಲ ಹಾಳೆ ಇದ್ದರೆ ಫೋಟೊ ಸಮೇತ ಹೇಳಿಬಿಡಿ.

ಅಂಕಗಳ ಲೆಕ್ಕದಲ್ಲಿ ನಡೆಯುವ ವಿನಿಮಯ ತಾಣಗಳೂ ಇವೆ. 2006ರಲ್ಲಿ ಶುರುವಾದ 'ಬುಕ್‌ಮೂಚ್' ಅಂಥದ್ದು. ಒಂದು ಪುಸ್ತಕ ಕಳಿಸಿದರೆ ಒಂದು ಅಂಕ, ಆ ಅಂಕದಿಂದ ಬೇರೆ ಯಾರಿಂದಲಾದರೂ ಒಂದು ಪುಸ್ತಕ. ನೇರ ಅದಲು ಬದಲಿಗಿಂತ ಇದು ಅನುಕೂಲ. ನಿಮ್ಮ ಪುಸ್ತಕ ಬೇಕಾದವರ ಹತ್ತಿರವೇ ನಿಮಗೆ ಬೇಕಾದದ್ದು ಇರಬೇಕಾಗಿಲ್ಲ.

ಅಂಚೆಯಲ್ಲಿ ಕಳಿಸುವುದು ಹೇಗೆ?

ಮೊದಲು ಪ್ಲಾಸ್ಟಿಕ್ ಹಾಳೆ, ನೀರಿಗಾಗಿ. ಅದರ ಮೇಲೆ ಗಟ್ಟಿ ರಟ್ಟು, ಮೂಲೆಗಳಿಗಾಗಿ. ಪುಸ್ತಕ ಬಿದ್ದಾಗ ಮೊದಲು ಪೆಟ್ಟಾಗುವುದು ಮೂಲೆಗೇ. ಅಂಟು ಪಟ್ಟಿ ಮುಖಪುಟಕ್ಕೆ ತಾಗಬಾರದು. ಹೊರಗಿನ ವಿಳಾಸ ಅಳಿಸಿಹೋದರೆ ಇರಲಿ ಅಂತ ಒಳಗೂ ಒಂದು ವಿಳಾಸದ ಚೀಟಿ ಇಡಿ. ಹಲವು ದೇಶಗಳಲ್ಲಿ ಮುದ್ರಿತ ಪುಸ್ತಕಗಳಿಗೆ ಬೇರೆಯೇ, ಕಡಿಮೆ ದರ ಇರುತ್ತದೆ, ಕೇಳಿ ನೋಡಿ. ಅಂಚೆ ಖರ್ಚು ಯಾರದ್ದು ಅಂತ ಮೊದಲೇ ಮಾತಾಡಿಕೊಳ್ಳಿ.

ಜಾಸ್ತಿ ಪುಸ್ತಕ ಸಾಗಿಸುವಾಗ ದೊಡ್ಡ ಪೆಟ್ಟಿಗೆ ಬೇಡವೇ ಬೇಡ. ಸಾಧಾರಣ ಗಾತ್ರದ ಪೆಟ್ಟಿಗೆಗೆ ಪುಸ್ತಕ ತುಂಬಿದರೂ 20 ಕಿಲೋ ದಾಟುವುದು ಸುಲಭ. ತಳ ಕಿತ್ತು ಬರುತ್ತದೆ, ಎತ್ತುವವರ ಬೆನ್ನೂ ಹಿಡಿದುಕೊಳ್ಳುತ್ತದೆ.

ಬ್ರೈಲ್ ಪುಸ್ತಕಗಳಿಗೆ ಒಂದು ವಿಶೇಷ ಸೌಲಭ್ಯ ಇದೆ, ತುಂಬ ಜನಕ್ಕೆ ಗೊತ್ತಿಲ್ಲ. ಅಂತರರಾಷ್ಟ್ರೀಯ ಅಂಚೆ ಒಕ್ಕೂಟದ ನಿಯಮದಂತೆ ಅಂಧರಿಗಾಗಿ ಕಳಿಸುವ ಓದುವ ಸಾಮಗ್ರಿಗೆ ಅಂಚೆ ಶುಲ್ಕದಿಂದ ವಿನಾಯಿತಿ ಇದೆ. ವಿಮಾನದಲ್ಲಿ ಹೋಗಬೇಕಾದರೆ ಅದರ ಹೆಚ್ಚುವರಿ ಶುಲ್ಕ ಇರಬಹುದು. ಬ್ರೈಲ್ ಪುಸ್ತಕ ಗಾತ್ರದಲ್ಲಿ ದೊಡ್ಡದು, ಸಿಗುವುದು ಅಪರೂಪ. ನಿಮ್ಮ ಬಳಿ ಇದ್ದರೆ ದಯವಿಟ್ಟು ಬೇಕಾದವರಿಗೆ ಮುಟ್ಟಿಸಿ.

'ಒಂದು ಪುಸ್ತಕ ಕಳಿಸಿ, 36 ಪುಸ್ತಕ ಪಡೆಯಿರಿ' ಅಂತ ಸಂದೇಶ ಬಂದಿದೆ. ಸೇರಲಾ?

ಸೇರಬೇಡಿ. ಅದು ಸರಪಳಿ ಯೋಜನೆ. ನೀವು ಆರು ಜನರನ್ನು ಸೇರಿಸಬೇಕು, ಅವರು ತಲಾ ಆರು ಜನರನ್ನು, ಆರಾರಲಿ ಮೂವತ್ತಾರು. ಕೇಳಲು ಚೆನ್ನಾಗಿದೆ. ಲೆಕ್ಕ ಮುಂದುವರಿಸಿ ನೋಡಿ. ನಾಲ್ಕನೇ ಸುತ್ತಿಗೆ 1,296 ಜನ ಬೇಕು. ಹತ್ತನೇ ಸುತ್ತಿಗೆ ಆರು ಕೋಟಿ. ಹದಿಮೂರನೇ ಸುತ್ತಿಗೆ 1,306 ಕೋಟಿ. ಭೂಮಿಯ ಮೇಲೆ ಇರುವವರೇ ಸುಮಾರು 800 ಕೋಟಿ. ಮೊದಲು ಸೇರಿದ ಕೆಲವರಿಗೆ ಪುಸ್ತಕ ಬರುತ್ತದೆ, ಕೊನೆಗೆ ಸೇರಿದವರಿಗೆ ಏನೂ ಇಲ್ಲ. ಯಾವಾಗಲೂ ಕೊನೆಗೆ ಸೇರಿದವರ ಸಂಖ್ಯೆಯೇ ಜಾಸ್ತಿ. ಜೊತೆಗೆ ನಿಮ್ಮ ಹೆಸರು, ಮನೆ ವಿಳಾಸ ಯಾರ್ಯಾರಿಗೋ ಹೋಗಿರುತ್ತದೆ. ಸರಪಳಿ ಯೋಜನೆಗಳಿಗೆ ಹಲವು ದೇಶಗಳಲ್ಲಿ ಕಾನೂನಿನ ತಡೆಯೂ ಇದೆ.

ಹೀಗೆ ಕೊಡುವುದು ಕಾನೂನಿಗೆ ವಿರುದ್ಧ ಅಲ್ವಾ?

ಮುದ್ರಿತ ಪುಸ್ತಕ ನೀವು ಕೊಂಡ ಮೇಲೆ ಆ ಪ್ರತಿ ನಿಮ್ಮದು. ಕೊಡಬಹುದು, ಮಾರಬಹುದು. ಬಹುತೇಕ ದೇಶಗಳ ಕಾನೂನು ಇದನ್ನು ಒಪ್ಪುತ್ತದೆ. ಅಮೆರಿಕದಲ್ಲಿ ಒಬ್ಬ ಪ್ರಕಾಶಕರು ಇಷ್ಟು ಬೆಲೆಗಿಂತ ಕಡಿಮೆಗೆ ಮಾರಬಾರದು ಅಂತ ಪುಸ್ತಕದೊಳಗೇ ಮುದ್ರಿಸಿದ್ದರು. 1908ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಷರತ್ತು ನಡೆಯುವುದಿಲ್ಲ ಅಂದಿತು. ಮೊದಲ ಮಾರಾಟದ ಮೇಲೆ ಆ ಪ್ರತಿಯ ಮುಂದಿನ ದಾರಿ ಪ್ರಕಾಶಕರ ಕೈಯಲ್ಲಿಲ್ಲ.

ನಕಲು ಮಾಡುವುದು ಬೇರೆ ವಿಷಯ. ಇಡೀ ಪುಸ್ತಕದ ಜೆರಾಕ್ಸ್, ಸ್ಕ್ಯಾನ್ ಮಾಡಿದ ಪಿಡಿಎಫ್ ಹಂಚುವುದು ತಪ್ಪು. ಇ-ಪುಸ್ತಕಕ್ಕೂ ಈ ಸ್ವಾತಂತ್ರ್ಯ ಸಾಮಾನ್ಯವಾಗಿ ಇರುವುದಿಲ್ಲ. ನಾವು ಕೊಳ್ಳುವುದು ಓದುವ ಪರವಾನಗಿ ಮಾತ್ರ. ಬಳಸಿದ ಇ-ಪುಸ್ತಕ ಮರುಮಾರಾಟದ ಪ್ರಕರಣದಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯವೂ 2019ರ ಡಿಸೆಂಬರ್‌ನಲ್ಲಿ ಮುದ್ರಿತ ಪುಸ್ತಕದ ನಿಯಮ ಇದಕ್ಕೆ ಅನ್ವಯಿಸುವುದಿಲ್ಲ ಅಂತ ತೀರ್ಪು ಕೊಟ್ಟಿತು.

ಲೇಖಕರಿಗೆ ನಷ್ಟ ಆಗುವುದಿಲ್ಲವಾ?

ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ದಾಟಿದ ಪ್ರತಿಯಿಂದ ಲೇಖಕರಿಗೆ ಗೌರವಧನ ಬರುವುದಿಲ್ಲ, ಅದು ನಿಜ. ಗ್ರಂಥಾಲಯಗಳ ವಿಷಯದಲ್ಲಿ ಇದಕ್ಕೊಂದು ದಾರಿ ಹುಡುಕಿದ್ದಾರೆ. ಎರವಲು ಹೋಗುವ ಪುಸ್ತಕಗಳಿಗಾಗಿ ಲೇಖಕರಿಗೆ ಹಣ ಕೊಡುವ ವ್ಯವಸ್ಥೆ 1946ರಲ್ಲಿ ಡೆನ್ಮಾರ್ಕ್‌ನಲ್ಲಿ ಮೊದಲು ಬಂತು, ಈಗ 30ಕ್ಕೂ ಹೆಚ್ಚು ದೇಶಗಳಲ್ಲಿದೆ. ಬೀದಿಯ ಪೆಟ್ಟಿಗೆಗೆ ಅಂಥದ್ದು ಯಾವುದೂ ಇಲ್ಲ.

ನನ್ನ ನಿಲುವು ಹೀಗಿದೆ. ಹೊಸದಾಗಿ ಬಂದ ಪುಸ್ತಕವನ್ನು, ಅದರಲ್ಲೂ ಚಿಕ್ಕ ಪ್ರಕಾಶನದ್ದನ್ನು, ಆದಷ್ಟು ಕೊಂಡು ಓದಿ. ಮುದ್ರಣದಲ್ಲಿ ಇಲ್ಲದ್ದನ್ನು ಧಾರಾಳವಾಗಿ ದಾಟಿಸಿ. ಹೀಗೆ ಸಿಕ್ಕ ಪುಸ್ತಕ ತುಂಬ ಹಿಡಿಸಿದರೆ ಅದೇ ಲೇಖಕರ ಇನ್ನೊಂದನ್ನು ಕೊಂಡುಕೊಳ್ಳಿ. ಕೊಳ್ಳಲು ಆಗದವರು ನಾಲ್ಕು ಜನಕ್ಕೆ ಆ ಹೆಸರು ಹೇಳಿ.

ಮಕ್ಕಳ ಪುಸ್ತಕಕ್ಕೆ ಬೇರೆ ಏನಾದರೂ ನೋಡಬೇಕಾ?

ದಪ್ಪ ರಟ್ಟಿನ ಪುಸ್ತಕಗಳನ್ನು ಸ್ವಲ್ಪವೇ ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ. ಶಬ್ದ ಮಾಡುವ ಪುಸ್ತಕವಾದರೆ ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇದೆಯಾ ನೋಡಿ. ಗುಂಡಿಯಂಥ ಬ್ಯಾಟರಿಯನ್ನು ಮಗು ನುಂಗಿದರೆ ಪ್ರಾಣಕ್ಕೇ ಅಪಾಯ. ತುಂಬ ಹಳೆಯ ಮಕ್ಕಳ ಪುಸ್ತಕಗಳ, ಅಂದರೆ 1980ರ ದಶಕಕ್ಕೂ ಹಿಂದಿನವುಗಳ, ಶಾಯಿಯಲ್ಲಿ ಸೀಸ ಇರಬಹುದು. ಎಲ್ಲವನ್ನೂ ಬಾಯಿಗೆ ಹಾಕುವ ವಯಸ್ಸಿನವರಿಗೆ ಅವು ಬೇಡ.

ಬಿಟ್ಟು ಬಂದ ಪುಸ್ತಕದ ಬಗ್ಗೆ ಯಾರೂ ಏನೂ ಹೇಳಲಿಲ್ಲ. ವ್ಯರ್ಥವಾಯಿತಾ?

ಬಹುಪಾಲು ಪುಸ್ತಕಗಳ ಸುದ್ದಿ ಬರುವುದೇ ಇಲ್ಲ. ಗುರುತಿನ ಸಂಖ್ಯೆ ಹಾಕಿ ಬಿಟ್ಟವರ ಅನುಭವವೂ ಇದೇ. ಓದಿದವರು ಸಂಕೋಚದವರಿರಬಹುದು. ಚೀಟಿ ಬಿದ್ದುಹೋಗಿರಬಹುದು. ಅವರ ಮನೆಯ ಕಪಾಟಿನಲ್ಲಿ ಸರದಿ ಕಾಯುತ್ತಿರಬಹುದು. ಸುದ್ದಿ ಬೇಕೇ ಬೇಕು ಅನ್ನುವವರು ಅಂಚೆಯಲ್ಲಿ, ಕೇಳಿದವರಿಗೇ ಕಳಿಸಿ. ಅಲ್ಲಿ ಕನಿಷ್ಠ ತಲುಪಿತು ಅಂತಲಾದರೂ ಗೊತ್ತಾಗುತ್ತದೆ.

ಯಾರೂ ತೆಗೆದುಕೊಳ್ಳದ ಪುಸ್ತಕ ಏನು ಮಾಡುವುದು?

ಎರಡು ತಿಂಗಳು ಒಂದೇ ಪೆಟ್ಟಿಗೆಯಲ್ಲಿ ಅಲುಗದೆ ಕೂತಿದ್ದರೆ ಬೇರೆ ಬಡಾವಣೆಯ ಪೆಟ್ಟಿಗೆಗೆ ಸಾಗಿಸಿ. ಜಾಗ ಬದಲಾದರೆ ಓದುಗರೂ ಬದಲಾಗುತ್ತಾರೆ. ವೃದ್ಧಾಶ್ರಮ, ಜೈಲಿನ ಗ್ರಂಥಾಲಯ, ಶಾಲೆಗಳನ್ನು ಕೇಳಿ ನೋಡಿ. ಆದರೆ ಕೇಳದೆ ಹೊತ್ತುಕೊಂಡು ಹೋಗಬೇಡಿ. ಅವರಿಗೆ ಬೇಕಾದ ಪಟ್ಟಿ ಬೇರೆಯೇ ಇರುತ್ತದೆ, ಜೈಲುಗಳಲ್ಲಿ ಗಟ್ಟಿ ರಟ್ಟಿನ ಪುಸ್ತಕ ಒಳಗೆ ಬಿಡದ ನಿಯಮವೂ ಎಷ್ಟೋ ಕಡೆ ಇದೆ. ಎಲ್ಲೂ ಸಲ್ಲದೆ ಹೋದದ್ದನ್ನು ಕಾಗದದ ಮರುಬಳಕೆಗೆ ಕೊಡಿ. ಕೊಡುವ ಮೊದಲು ಗಟ್ಟಿ ರಟ್ಟು, ಪ್ಲಾಸ್ಟಿಕ್ ಹೊದಿಕೆ, ಸುರುಳಿ ತಂತಿ ಬಿಡಿಸಿ ಬೇರೆ ಮಾಡಿ. ಬೂಷ್ಟು ಹಿಡಿದದ್ದನ್ನು ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ.